1929ರ ಕೇಂದ್ರ ಶಾಸನಸಭೆಯ ನಡಾವಳಿ: ಮರುಮುದ್ರಿತ ಸಂಪುಟಗಳನ್ನು ಓದಿ, ಪರಿಶೀಲಿಸಿ ಬರೆದದ್ದು

ಹಳೆಯ ಸರ್ಕಾರಿ ಪ್ರಕಟಣೆಗಳನ್ನು ಸ್ಕ್ಯಾನ್ ಮಾಡಿಟ್ಟುಕೊಂಡು, ಯಾರಾದರೂ ಕೇಳಿದಾಗ ಅಷ್ಟೇ ಪ್ರತಿಗಳನ್ನು ಮುದ್ರಿಸಿ, ರಟ್ಟು ಕಟ್ಟಿ ಮನೆಗೆ ಕಳಿಸುವ ಮುದ್ರಕರು ಈಗ ನಮ್ಮ ದೇಶದಲ್ಲಿ ಹಲವರಿದ್ದಾರೆ. ಅಂಥ ಒಬ್ಬರಿಂದ ನಾನು ಬ್ರಿಟಿಷ್ ಭಾರತದ ಕೇಂದ್ರ ಶಾಸನಸಭೆಯ 1929ರ ಅಧಿಕೃತ ನಡಾವಳಿಯ ಎರಡು ಸಂಪುಟಗಳನ್ನು ತರಿಸಿಕೊಂಡೆ. ಒಂದು ದೆಹಲಿ ಅಧಿವೇಶನದ ಕೊನೆಯ ವಾರಗಳದ್ದು, ಇನ್ನೊಂದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶಿಮ್ಲಾದಲ್ಲಿ ನಡೆದ ಅಧಿವೇಶನದ್ದು. ಒಳಗಿನ ಸರಕು ಎಷ್ಟು ಅಮೂಲ್ಯವೆಂಬುದರ ಬಗ್ಗೆ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಕಾಗದ, ಹೊಲಿಗೆ, ಅಕ್ಷರಗಳ ಸ್ಪಷ್ಟತೆ ಇವೆಲ್ಲ ಒಟ್ಟಾರೆ ಒಪ್ಪುವಂತಿವೆ. ಆದರೆ ಮುದ್ರಕರು ಎಡವಿರುವುದು ಮತವಿಭಜನೆಯ ಪಟ್ಟಿಗಳಲ್ಲಿ, ಅಂದರೆ ಯಾವ ಸದಸ್ಯರು ಯಾವ ಕಡೆಗೆ ಮತ ಹಾಕಿದರೆಂದು ಹೆಸರು ಹೆಸರಾಗಿ ಹೇಳುವ ಪುಟಗಳಲ್ಲಿ. ಈ ಸಭೆಯ ದಾಖಲೆಯಲ್ಲಿ ಆ ಪುಟಗಳಿಗಿಂತ ಮುಖ್ಯವಾದವು ಬಹಳ ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯವಾದ್ದರಿಂದ, ಈ ಲೋಪವನ್ನು ಸಣ್ಣದೆಂದು ಬಿಟ್ಟುಬಿಡಲು ಮನಸ್ಸು ಬರುವುದಿಲ್ಲ.

ಸಭೆಯ ಪರಿಚಯ ಇಲ್ಲದವರಿಗಾಗಿ ಒಂದೆರಡು ಮಾತು. 1919ರ ಭಾರತ ಸರ್ಕಾರ ಕಾಯ್ದೆಯ ಪ್ರಕಾರ ಕೇಂದ್ರದಲ್ಲಿ ಎರಡು ಸದನಗಳು ಬಂದವು: ಮೇಲ್ಮನೆಯಾಗಿ 60 ಸದಸ್ಯರ ಕೌನ್ಸಿಲ್ ಆಫ್ ಸ್ಟೇಟ್, ಕೆಳಮನೆಯಾಗಿ 145 ಸದಸ್ಯರ ಶಾಸನಸಭೆ. 1921ರ ಫೆಬ್ರುವರಿಯಲ್ಲಿ ಡ್ಯೂಕ್ ಆಫ್ ಕನಾಟ್ ಇವುಗಳನ್ನು ಉದ್ಘಾಟಿಸಿದರು. ಶಾಸನಸಭೆಯ 145 ಜನರಲ್ಲಿ 104 ಮಂದಿ ಚುನಾಯಿತರು, 41 ಮಂದಿ ಸರ್ಕಾರ ನಾಮಕರಣ ಮಾಡಿದವರು. ಆ 41ರಲ್ಲಿ 26 ಮಂದಿ ಸರ್ಕಾರಿ ಅಧಿಕಾರಿಗಳೇ. ಮತದಾನದ ಹಕ್ಕು ಆಸ್ತಿ ಮತ್ತು ತೆರಿಗೆಗೆ ಕಟ್ಟುಬಿದ್ದಿತ್ತು. ಮೊದಲ ಚುನಾವಣೆಯಲ್ಲಿ ಇಡೀ ಬ್ರಿಟಿಷ್ ಭಾರತದಲ್ಲಿ ಶಾಸನಸಭೆಗೆ ಮತ ಹಾಕಬಲ್ಲವರು ಸುಮಾರು 9 ಲಕ್ಷ ಜನ ಮಾತ್ರ. ಸರ್ಕಾರ ಈ ಸಭೆಗೆ ಹೊಣೆಗಾರನಾಗಿರಲಿಲ್ಲ, ಮತದಲ್ಲಿ ಸೋತರೂ ಕೆಳಗಿಳಿಯಬೇಕಾಗಿರಲಿಲ್ಲ, ಸೇನೆಯ ಖರ್ಚಿನಂಥ ಬಾಬ್ತುಗಳನ್ನು ಮತಕ್ಕೆ ಹಾಕುವಂತೆಯೇ ಇರಲಿಲ್ಲ. ಸಭೆ ತಿರಸ್ಕರಿಸಿದ್ದನ್ನು ವೈಸರಾಯ್ ತಮ್ಮ ಪ್ರಮಾಣೀಕರಣದ ಅಧಿಕಾರದಿಂದ ಜಾರಿಗೆ ತರಬಹುದಿತ್ತು. 1923ರಲ್ಲಿ ಉಪ್ಪಿನ ತೆರಿಗೆಯನ್ನು ಇಮ್ಮಡಿಗೊಳಿಸುವ ಪ್ರಸ್ತಾವವನ್ನು ಸಭೆ ತಳ್ಳಿಹಾಕಿದಾಗ ಲಾರ್ಡ್ ರೀಡಿಂಗ್ ಮಾಡಿದ್ದು ಅದನ್ನೇ.

ಇಷ್ಟು ಕೈಕಟ್ಟಿದ ಸಭೆಯ ಮಾತುಗಳನ್ನು ಇವತ್ತು ಹಣ ಕೊಟ್ಟು ತರಿಸಿ ಓದಬೇಕೇಕೆ ಎಂದು ಯಾರಾದರೂ ಕೇಳಬಹುದು. ಕೈ ಕಟ್ಟಿದ್ದರಿಂದಲೇ ಓದಬೇಕು ಎಂದು ನಾನು ಹೇಳುತ್ತೇನೆ. ಅಧಿಕಾರವಿಲ್ಲದ ಸದಸ್ಯರ ಬಳಿ ಇದ್ದದ್ದು ನಿಯಮಪುಸ್ತಕ, ಪ್ರಶ್ನೆ ಕೇಳುವ ಹಕ್ಕು, ನಿಲುವಳಿ ಸೂಚನೆ (ತುರ್ತು ವಿಷಯದ ಚರ್ಚೆಗಾಗಿ ಉಳಿದ ಕಲಾಪವನ್ನು ನಿಲ್ಲಿಸುವ ಸೂಚನೆ), ಕ್ರಿಯಾಲೋಪ (ನಿಯಮ ತಪ್ಪಿದ್ದನ್ನು ಎತ್ತಿ ತೋರುವ ಆಕ್ಷೇಪ) ಮತ್ತು ತಮ್ಮ ಒಂದು ಮತ. ಇವುಗಳಿಂದ ಎಷ್ಟು ಕೆಲಸ ತೆಗೆಯಬಹುದು ಎಂಬುದನ್ನು ಅವರು ದಿನದಿನವೂ ಪರೀಕ್ಷಿಸಿ ನೋಡಿದರು. ಆ ಪರೀಕ್ಷೆಯ ಪೂರ್ಣ ದಾಖಲೆ ನಮಗೆ ಸಿಗುವುದು ಇತಿಹಾಸ ಪುಸ್ತಕಗಳಲ್ಲಿ ಅಲ್ಲ, ಈ ನಡಾವಳಿಯಲ್ಲಿ.

ಇನ್ನು ಸಂಪುಟಗಳ ಮೈಕಟ್ಟಿನ ವಿಚಾರ. ಕಾಗದ ತೀರಾ ಬಿಳಿಯಲ್ಲದ, ಕಣ್ಣಿಗೆ ಹಿತವಾದ ಕೆನೆಬಣ್ಣದ್ದು. ಹಿಂಬದಿಯ ಅಕ್ಷರ ಮುಂಬದಿಗೆ ತೋರುವುದಿಲ್ಲ. ಫಾರಂಗಳನ್ನು ದಾರದಿಂದ ಹೊಲಿದು ಆಮೇಲೆ ಗಟ್ಟಿ ರಟ್ಟು ಕಟ್ಟಿದ್ದಾರೆ, ಬರೀ ಅಂಟಿನ ಮೇಲೆ ನಿಲ್ಲಿಸಿಲ್ಲ. ದಪ್ಪ ಪುಸ್ತಕಕ್ಕೆ ಇದು ಅತ್ಯಗತ್ಯ, ಇದಕ್ಕಾಗಿ ಮುದ್ರಕರನ್ನು ಮನಸಾರೆ ಮೆಚ್ಚುತ್ತೇನೆ. ಬೆನ್ನಿನ ಮೇಲೆ ವರ್ಷ ಮತ್ತು ಅಧಿವೇಶನವನ್ನು ಸ್ಪಷ್ಟವಾಗಿ ಅಚ್ಚು ಹಾಕಿರುವುದರಿಂದ ಕಪಾಟಿನಲ್ಲಿ ಹುಡುಕುವುದು ಸುಲಭ. ಮೂಲದ ಅಕ್ಷರ ಚಿಕ್ಕದು, ಅದನ್ನು ಇವರು ಕುಗ್ಗಿಸದೆ ಮೂಲದ ಅಳತೆಯಲ್ಲೇ ಉಳಿಸಿದ್ದಾರೆ. ಸ್ಕ್ಯಾನ್ ಮಾಡಿದ ಪ್ರತಿ ಯಾವುದೋ ಗ್ರಂಥಾಲಯದಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು. ಹಿಂದಿನ ಓದುಗರು ಅಂಚಿನಲ್ಲಿ ಹಾಕಿದ ಪೆನ್ಸಿಲ್ ಗೆರೆಗಳು ಅಲ್ಲಲ್ಲಿ ಹಾಗೆಯೇ ಅಚ್ಚಾಗಿವೆ. ಅವು ನನಗೆ ತೊಡಕೆನಿಸಲಿಲ್ಲ.

ಪ್ರತಿದಿನದ ನಡಾವಳಿಯೂ ಒಂದೇ ರೀತಿಯಲ್ಲಿ ಆರಂಭವಾಗುತ್ತದೆ: ದಿನಾಂಕ, ಸಭೆ ಸೇರಿದ ಸ್ಥಳ, ಬೆಳಗಿನ ಹನ್ನೊಂದು ಗಂಟೆ, ಪೀಠದಲ್ಲಿ ಅಧ್ಯಕ್ಷರು. ಹೊಸ ಸದಸ್ಯರಿದ್ದರೆ ಪ್ರಮಾಣವಚನ, ಆಮೇಲೆ ಪ್ರಶ್ನೋತ್ತರ, ಆಮೇಲೆ ಕಲಾಪ. ಮಾತನಾಡಲು ಎದ್ದ ಪ್ರತಿಯೊಬ್ಬರ ಹೆಸರಿನ ಪಕ್ಕದಲ್ಲಿ ಅವರು ಯಾರ ಪರವಾಗಿ ಅಲ್ಲಿದ್ದಾರೆಂಬುದನ್ನೂ ಅಚ್ಚು ಹಾಕಿರುತ್ತಾರೆ. ಜಿನ್ನಾ ಅವರ ಹೆಸರಿನ ಪಕ್ಕ ಬೊಂಬಾಯಿ ನಗರದ ಮುಸ್ಲಿಂ ಕ್ಷೇತ್ರ, ಪಂಡಿತ ಮೋತಿಲಾಲ್ ನೆಹರೂ ಅವರ ಪಕ್ಕ ಸಂಯುಕ್ತ ಪ್ರಾಂತ್ಯದ ನಗರಗಳು, ಎನ್. ಎಂ. ಜೋಶಿಯವರ ಪಕ್ಕ ಕಾರ್ಮಿಕ ಹಿತಾಸಕ್ತಿಗಾಗಿ ನಾಮಕರಣಗೊಂಡವರು, ಎಂ. ಸಿ. ರಾಜಾ ಅವರ ಪಕ್ಕ ದಲಿತ ವರ್ಗಗಳಿಗಾಗಿ ನಾಮಕರಣಗೊಂಡವರು ಎಂಬ ಒಕ್ಕಣೆ. ಧರ್ಮ, ಊರು, ಭೂಮಾಲಿಕತ್ವ, ವ್ಯಾಪಾರ ಎಂದು ದೇಶವನ್ನು ಆಳುವವರು ಹೇಗೆ ತುಂಡುತುಂಡು ಮಾಡಿ ಪ್ರಾತಿನಿಧ್ಯ ಹಂಚಿದ್ದರು ಎಂಬುದು ಈ ಒಕ್ಕಣೆಗಳನ್ನು ಪುಟಪುಟದಲ್ಲೂ ನೋಡುತ್ತಾ ಹೋದಾಗ ಮನಸ್ಸಿಗೆ ನಾಟುವಷ್ಟು ಬೇರೆ ಯಾವ ವಿವರಣೆಯಿಂದಲೂ ನಾಟುವುದಿಲ್ಲ. ಒಟ್ಟು ಭಾರತದ ಅಸ್ಪೃಶ್ಯ ಸಮುದಾಯಗಳ ಪರವಾಗಿ ನಾಮಕರಣಗೊಂಡ ಒಬ್ಬರು; ಹೆಂಗಸರ ಪೈಕಿ ಒಬ್ಬರೂ ಇಲ್ಲ.

ದೆಹಲಿಯ ಸಂಪುಟವನ್ನು ಕೊಳ್ಳುವವರು ಮುಖ್ಯವಾಗಿ ಕೊಳ್ಳುವುದು ಏಪ್ರಿಲ್ ತಿಂಗಳ ಪುಟಗಳಿಗಾಗಿಯೇ. ಆಗ ಸಭೆಯ ಅಧ್ಯಕ್ಷರಾಗಿದ್ದವರು ವಿಠ್ಠಲಭಾಯಿ ಪಟೇಲರು. ಮೊದಲ ಅಧ್ಯಕ್ಷ ಸರ್ ಫ್ರೆಡರಿಕ್ ವೈಟ್ ಸರ್ಕಾರ ನೇಮಿಸಿದವರು. 1925ರ ಆಗಸ್ಟಿನಲ್ಲಿ ಸಭೆ ತಾನೇ ಅಧ್ಯಕ್ಷರನ್ನು ಆರಿಸುವ ಕಾಲ ಬಂದಾಗ ಪಟೇಲರು ಟಿ. ರಂಗಾಚಾರಿಯರ ಎದುರು ಎರಡೇ ಮತಗಳ ಅಂತರದಿಂದ ಗೆದ್ದರು. 1928ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕ ಸುರಕ್ಷಾ ಮಸೂದೆ, ಅಂದರೆ ಹೊರದೇಶದ ಕಮ್ಯುನಿಸ್ಟರನ್ನು ಭಾರತದಿಂದ ಹೊರಹಾಕುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಮಸೂದೆ, ಮೊದಲ ಬಾರಿಗೆ ಬಂದಾಗ ಎರಡೂ ಕಡೆ ಮತಗಳು ಸಮವಾಗಿ ನಿಂತವು. ಪಟೇಲರು ತಮ್ಮ ನಿರ್ಣಾಯಕ ಮತವನ್ನು ಮಸೂದೆಯ ವಿರುದ್ಧ ಹಾಕಿದರು. ಸರ್ಕಾರ ಸುಮ್ಮನಿರಲಿಲ್ಲ, 1929ರ ಆರಂಭದಲ್ಲಿ ಅದೇ ಹೆಸರಿನ ಮಸೂದೆಯನ್ನು ಮತ್ತೆ ತಂದಿತು. ಅಷ್ಟರಲ್ಲಿ ಮಾರ್ಚ್ 20ರಂದು ದೇಶದ ಬೇರೆ ಬೇರೆ ಕಡೆ ಕಾರ್ಮಿಕ ನಾಯಕರನ್ನು ಬಂಧಿಸಿ ಮೀರತ್ ಪಿತೂರಿ ಮೊಕದ್ದಮೆ ಹೂಡಲಾಯಿತು. ಏಪ್ರಿಲ್ 2ರಂದು ಪಟೇಲರು ಸರ್ಕಾರದ ಮುಂದೆ ಎರಡು ದಾರಿ ಇಟ್ಟರು: ಮೊಕದ್ದಮೆ ಮುಗಿಯುವವರೆಗೆ ಮಸೂದೆಯನ್ನು ಮುಂದಕ್ಕೆ ಹಾಕಿ, ಇಲ್ಲವೇ ಮಸೂದೆಯೇ ಬೇಕೆಂದರೆ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಿ. ಸರ್ಕಾರ ಎರಡಕ್ಕೂ ಒಪ್ಪಲಿಲ್ಲ.

ಈ ಹಿನ್ನೆಲೆಯನ್ನು ತಿಳಿದು ಏಪ್ರಿಲ್ 8ರ ಪುಟಕ್ಕೆ ಬಂದರೆ, ನಮ್ಮೆಲ್ಲರಿಗೂ ಚಿಕ್ಕಂದಿನಿಂದ ಗೊತ್ತಿರುವ ಘಟನೆ ಅಧಿಕೃತ ದಾಖಲೆಯಲ್ಲಿ ಹೇಗೆ ಕೂತಿದೆ ಎಂಬುದು ಕಾಣುತ್ತದೆ. ಕೈಗಾರಿಕಾ ವಿವಾದಗಳ ಮಸೂದೆಯ ಮೇಲಿನ ಕೊನೆಯ ಮತವಿಭಜನೆ ಮುಗಿದಿದೆ. ಪರ ಮತ ಹಾಕಿದವರ ಹೆಸರುಗಳು, ವಿರುದ್ಧ ಹಾಕಿದವರ ಹೆಸರುಗಳು ಎರಡೆರಡು ಕಾಲಮ್ಮುಗಳಲ್ಲಿ ಇಂಗ್ಲಿಷ್ ಅಕ್ಷರಕ್ರಮದಲ್ಲಿ ನಿಂತಿವೆ. ಸೂಚನೆ ಅಂಗೀಕಾರವಾಯಿತೆಂಬ ಒಕ್ಕಣೆಯಿದೆ. ಅಧ್ಯಕ್ಷರು ಸುರಕ್ಷಾ ಮಸೂದೆಯ ಬಗ್ಗೆ ತಮ್ಮ ರೂಲಿಂಗ್ ಕೊಡುವ ಹೊತ್ತು. ಅಲ್ಲಿ ವರದಿಗಾರರು ಆವರಣ ಚಿಹ್ನೆಯೊಳಗೆ ಒಂದೆರಡು ಸಾಲು ಬರೆದಿದ್ದಾರೆ: ಪ್ರೇಕ್ಷಕರ ಗ್ಯಾಲರಿಯಿಂದ ಎರಡು ಬಾಂಬುಗಳು ಬಿದ್ದವು, ಕೆಲವು ಸದಸ್ಯರಿಗೆ ಗಾಯವಾಯಿತು, ಗಲಿಬಿಲಿ ಉಂಟಾಯಿತು. ಕೆಲವು ನಿಮಿಷಗಳ ನಂತರ ಅಧ್ಯಕ್ಷರು ಪೀಠಕ್ಕೆ ಮರಳಿ ಸಭೆಯನ್ನು ಗುರುವಾರ, ಅಂದರೆ 11ಕ್ಕೆ ಮುಂದೂಡಿದರು. ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಅವರ ಹೆಸರುಗಳಾಗಲೀ, ಅವರು ಎಸೆದ ಕರಪತ್ರಗಳಾಗಲೀ, ಕಿವುಡರಿಗೆ ಕೇಳಿಸಬೇಕಾದರೆ ದನಿ ಜೋರಾಗಿರಬೇಕೆಂಬ ಅದರ ಮೊದಲ ಮಾತಾಗಲೀ ಆ ಸಾಲುಗಳಲ್ಲಿ ಇಲ್ಲ. ಸರ್ ಬೊಮನ್‌ಜಿ ದಲಾಲರಿಗೆ ಏಟು ಬಿದ್ದದ್ದು, ಗ್ಯಾಲರಿಯಲ್ಲಿ ಸರ್ ಜಾನ್ ಸೈಮನ್ ಕೂತಿದ್ದದ್ದು ನಮಗೆ ಬೇರೆ ಕಡೆಯಿಂದ ಗೊತ್ತಿರುವ ವಿಷಯಗಳು.

ನನ್ನ ಪ್ರತಿಯಲ್ಲಿ ದೋಷ ಎದ್ದು ಕಾಣುವುದು ಸರಿಯಾಗಿ ಇಲ್ಲಿಯೇ. ಮತವಿಭಜನೆಯ ಪಟ್ಟಿ ಬಲಗಡೆಯ ಪುಟದಲ್ಲಿದೆ. ಸ್ಕ್ಯಾನ್ ಮಾಡುವಾಗ ಮೂಲ ಪುಸ್ತಕವನ್ನು ಸಾಕಷ್ಟು ಅಗಲಿಸದೆ ಒತ್ತಿದ್ದರಿಂದ ಎಡಗಡೆಯ ಕಾಲಮ್ಮಿನ ಮೊದಲ ಮೂರು ನಾಲ್ಕು ಅಕ್ಷರಗಳು ಹೊಲಿಗೆಯ ಮಡಿಕೆಯೊಳಗೆ ಕರಗಿ ಕಪ್ಪು ನೆರಳಾಗಿವೆ. ಮನೆತನದ ಹೆಸರು ಮೊದಲು ಬರುವ ಪದ್ಧತಿಯಿರುವುದರಿಂದ ಕಳೆದುಹೋಗಿರುವುದು ಹೆಸರಿನ ಮುಖ್ಯ ಭಾಗವೇ. ಬಿರುದು ಉಳಿದಿದೆ, ಪಂಡಿತ, ಸರ್, ಮೌಲ್ವಿ ಎಂಬುದು ಕಾಣುತ್ತದೆ. ಆ ಪಂಡಿತರು ಯಾರು, ಮೌಲ್ವಿ ಯಾರು ಎಂಬುದನ್ನು ಬಾಲದಿಂದ ಊಹಿಸಬೇಕು. ಮುಷ್ಕರದ ಹಕ್ಕಿಗೆ ಕಡಿವಾಣ ಹಾಕಿದ ಕಾಯ್ದೆಗೆ ಯಾರು ಒಪ್ಪಿಗೆ ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಆ ಪುಟದ ಒಟ್ಟು ತಿರುಳು. ಭಾಷಣದ ಪುಟದಲ್ಲಿ ಸಾಲಿನ ಮೊದಲ ಅಕ್ಷರ ಹೋದರೆ ವಾಕ್ಯದ ಓಟದಲ್ಲಿ ಓದಿಕೊಳ್ಳಬಹುದು. ಹೆಸರಿನ ಪಟ್ಟಿಯಲ್ಲಿ ಹಾಗೆ ಓದಿಕೊಳ್ಳಲು ಏನೂ ಇಲ್ಲ. ಈ ವ್ಯತ್ಯಾಸವನ್ನು ಅರಿತ ಮುದ್ರಕರಾದರೆ ಪಟ್ಟಿಯ ಪುಟಗಳನ್ನಷ್ಟೇ ಮತ್ತೊಮ್ಮೆ ಸ್ಕ್ಯಾನ್ ಮಾಡುತ್ತಿದ್ದರು.

ಏಪ್ರಿಲ್ 11ರ ರೂಲಿಂಗ್ ಅದೃಷ್ಟವಶಾತ್ ಪೂರ್ತಿ ಸ್ಪಷ್ಟವಾಗಿದೆ, ಮತ್ತು ನನ್ನ ಮಟ್ಟಿಗೆ ಸಂಪುಟದ ಬೆಲೆ ಅದೊಂದರಿಂದಲೇ ವಸೂಲಾಗುತ್ತದೆ. ಪಟೇಲರ ವಾದಸರಣಿ ಇಷ್ಟು: ಮಸೂದೆಗೆ ಸರ್ಕಾರ ಕೊಡುವ ಕಾರಣಗಳೂ ಮೀರತ್ ಮೊಕದ್ದಮೆಯ ಆರೋಪಗಳೂ ಒಂದೇ, ನ್ಯಾಯಾಲಯದ ಮುಂದಿರುವ ವಿಷಯವನ್ನು ಸಭೆಯಲ್ಲಿ ಚರ್ಚಿಸಬಾರದೆಂಬ ನಿಯಮವಿದೆ, ಆದ್ದರಿಂದ ಮಸೂದೆಯ ಮೇಲೆ ನಿಜವಾದ ಚರ್ಚೆ ಸಾಧ್ಯವೇ ಇಲ್ಲ, ಚರ್ಚೆ ಸಾಧ್ಯವಿಲ್ಲದ ಮಸೂದೆಯನ್ನು ಮತಕ್ಕೆ ಹಾಕುವುದು ಸಭೆಯ ಕಲಾಪದ ದುರುಪಯೋಗ. ಇಂಥ ಮಸೂದೆಯನ್ನು ತಡೆಯುವ ಅಧಿಕಾರ ಅಧ್ಯಕ್ಷರಿಗಿದೆಯೆಂದು ನಿಯಮಗಳಲ್ಲಿ ನೇರವಾಗಿ ಎಲ್ಲೂ ಬರೆದಿರಲಿಲ್ಲ, ಗೃಹ ಸದಸ್ಯ ಸರ್ ಜೇಮ್ಸ್ ಕ್ರೀರರ್ ಹಿಡಿದು ನಿಂತದ್ದೂ ಆ ಅಂಶವನ್ನೇ. ಪಟೇಲರು ಹಿಂಜರಿಯಲಿಲ್ಲ, ಸಭೆಯ ಕಲಾಪ ದುರುಪಯೋಗವಾಗದಂತೆ ಕಾಯುವ ಅಧಿಕಾರ ಪೀಠದಲ್ಲಿ ಅಂತರ್ಗತವಾಗಿಯೇ ಇದೆ ಎಂದು ಹೇಳಿ ಮಸೂದೆ ಕ್ರಮಬದ್ಧವಲ್ಲವೆಂದು ತೀರ್ಪಿತ್ತರು. ಮೂರು ದಿನಗಳ ಹಿಂದೆ ಬಾಂಬು ಬಿದ್ದ ಸಭಾಂಗಣದಲ್ಲಿ, ಸರ್ಕಾರದ ಸಿಟ್ಟು ನೆತ್ತಿಗೇರಿದ್ದ ಹೊತ್ತಿನಲ್ಲಿ, ಅಷ್ಟು ಶಾಂತವಾಗಿ, ಒಂದು ಕಡುನುಡಿಯೂ ಇಲ್ಲದೆ, ನಿಯಮದ ಮೇಲೆ ನಿಯಮವನ್ನು ಜೋಡಿಸಿ ಆಡಿದ ಆ ಮಾತುಗಳನ್ನು ಓದುವಾಗ ನನಗೆ ಅವರ ಬಗ್ಗೆ ಇದ್ದ ಗೌರವ ಹಲವು ಪಟ್ಟು ಹೆಚ್ಚಿತು. ಮರುದಿನವೇ ವೈಸರಾಯ್ ಲಾರ್ಡ್ ಇರ್ವಿನ್ ಎರಡೂ ಸದನಗಳ ಸದಸ್ಯರನ್ನು ಕರೆಸಿ ಮಾತನಾಡಿದರು. ಮಸೂದೆಯಲ್ಲಿದ್ದದ್ದನ್ನು ಸುಗ್ರೀವಾಜ್ಞೆಯ ಮೂಲಕ ತರುವುದಾಗಿ, ಇಂಥ ರೂಲಿಂಗ್ ಮುಂದೆ ಬಾರದಂತೆ ನಿಯಮಗಳನ್ನು ತಿದ್ದುವುದಾಗಿ ಹೇಳಿದರು. ಕಾಯ್ದೆ ಸುಗ್ರೀವಾಜ್ಞೆಯಾಗಿ ಬಂದೇ ಬಂತು. ಆದರೆ ಸಭೆಯ ಒಪ್ಪಿಗೆಯ ಮುದ್ರೆ ಅದರ ಮೇಲೆ ಬೀಳಲಿಲ್ಲ, ಅದನ್ನು ತಪ್ಪಿಸಿದ್ದು ಪೀಠ.

ಇನ್ನೊಂದು ಸಣ್ಣ ಸಂಗತಿಯನ್ನೂ ಇಲ್ಲೇ ಹೇಳಬೇಕು. ಸಭೆಯ ಕಾರ್ಯಾಲಯ ಸರ್ಕಾರದ ಇಲಾಖೆಯ ಕೈಕೆಳಗೆ ಇರಬಾರದೆಂದು ಪಟೇಲರು ವರ್ಷಗಟ್ಟಲೆ ಹೋರಾಡಿ, 1929ರ ಜನವರಿಯಲ್ಲಿ ಶಾಸನಸಭೆಗೆ ಪ್ರತ್ಯೇಕ ಸಚಿವಾಲಯವನ್ನು ಪಡೆದರು. ಅಂದರೆ ಈ ಎರಡು ಸಂಪುಟಗಳು ಆ ಸ್ವತಂತ್ರ ಕಾರ್ಯಾಲಯದ ಮೊದಲ ವರ್ಷದವು. ಇಂದಿನ ಲೋಕಸಭಾ ಸಚಿವಾಲಯದ ಬೇರು ಅಲ್ಲಿದೆ.

ಶಿಮ್ಲಾದ ಸಂಪುಟ ಮುದ್ರಣದಲ್ಲಿ ದೆಹಲಿಯದಕ್ಕಿಂತ ಉತ್ತಮವಾಗಿದೆ, ಒಳಗಿನ ವಿಷಯದಲ್ಲಿ ಅದಕ್ಕಿಂತ ಭಾರವಾಗಿದೆ. ಜೂನ್ ತಿಂಗಳಲ್ಲಿ ಆಜೀವ ಗಡೀಪಾರಿನ ಶಿಕ್ಷೆಗೆ ಗುರಿಯಾದ ಭಗತ್ ಸಿಂಗ್ ಮತ್ತು ದತ್ತ, ರಾಜಕೀಯ ಕೈದಿಗಳನ್ನು ಮನುಷ್ಯರಂತೆ ನಡೆಸಿಕೊಳ್ಳಬೇಕೆಂದು ಸೆರೆಮನೆಯಲ್ಲಿ ಉಪವಾಸ ಕುಳಿತರು. ಪೊಲೀಸ್ ಅಧಿಕಾರಿ ಸಾಂಡರ್ಸ್ ಹತ್ಯೆಗೆ ಸಂಬಂಧಿಸಿದ ಲಾಹೋರ್ ಮೊಕದ್ದಮೆಯ ಸಂಗಾತಿಗಳು ಸೇರಿಕೊಂಡರು. ಆರೋಪಿಗಳು ಕೋರ್ಟಿಗೆ ಬರುವ ಸ್ಥಿತಿಯಲ್ಲಿಲ್ಲದೆ ವಿಚಾರಣೆ ನಿಂತಿತು. ಆಗ ಸರ್ಕಾರ ಸೆಪ್ಟೆಂಬರ್ 12ರಂದು ಒಂದು ಮಸೂದೆ ತಂದಿತು: ಆರೋಪಿ ತಾನಾಗಿಯೇ ತನ್ನನ್ನು ಅಶಕ್ತನನ್ನಾಗಿ ಮಾಡಿಕೊಂಡರೆ ಅವನ ಗೈರುಹಾಜರಿಯಲ್ಲೇ ವಿಚಾರಣೆ ನಡೆಸಬಹುದು. ಜಿನ್ನಾ ಅವರು ಅದಕ್ಕೆದುರಾಗಿ ಮಾತನಾಡಲು ಎದ್ದದ್ದು ಅದೇ ದಿನ. ಮಾತು ಮುಗಿಯದೆ 14ರಂದು ಮುಂದುವರಿಯಿತು. ಈ ಎರಡು ದಿನಗಳ ನಡುವೆ, 13ರಂದು, ಅದೇ ಮೊಕದ್ದಮೆಯ ಆರೋಪಿ ಜತೀಂದ್ರನಾಥ ದಾಸ್ ತಮ್ಮ ಉಪವಾಸದ 63ನೆಯ ದಿನ ಲಾಹೋರಿನ ಸೆರೆಮನೆಯಲ್ಲಿ ತೀರಿಕೊಂಡರು. ಒಂದೇ ಭಾಷಣದ ಎರಡು ಭಾಗಗಳ ನಡುವೆ ಒಂದು ಸಾವು ಸಂಭವಿಸಿದೆ, ನಡಾವಳಿಯ ಪುಟಗಳನ್ನು ಕ್ರಮವಾಗಿ ಓದುವವರಿಗೆ ಮಾತ್ರ ಅದರ ಅರಿವಾಗುತ್ತದೆ. ಆಯ್ದ ಭಾಷಣಗಳ ಸಂಕಲನಗಳಲ್ಲಿ ಎರಡನ್ನೂ ಕೂಡಿಸಿ ಅಚ್ಚು ಹಾಕಿದಾಗ ಈ ಸಂಗತಿ ಮರೆಯಾಗುವ ಸಂಭವವೇ ಹೆಚ್ಚು.

ವಕೀಲರ ಜಾಣ್ಮೆಯ ಜೊತೆಗೆ ಆ ಭಾಷಣದಲ್ಲಿ ಒಂದು ನೈತಿಕ ಬಿಸಿ ಇದೆ. ಪ್ರಾಣ ಹೋಗುವವರೆಗೆ ಉಪವಾಸ ಕೂರುವುದು ಎಲ್ಲರ ಕೈಲಾಗುವ ಕೆಲಸವಲ್ಲ, ಸ್ವಲ್ಪ ಹೊತ್ತು ಮಾಡಿ ನೋಡಿ ಎಂದು ಅವರು ಸರ್ಕಾರಿ ಪೀಠಗಳಿಗೆ ಹೇಳುತ್ತಾರೆ. ಹಾಗೆ ಕೂರುವವನಿಗೆ ಆತ್ಮವಿದೆ, ತನ್ನ ಧ್ಯೇಯ ನ್ಯಾಯವಾದದ್ದೆಂಬ ನಂಬಿಕೆ ಅವನನ್ನು ನಡೆಸುತ್ತದೆ ಎನ್ನುತ್ತಾರೆ. ನೀವು ಇವರ ಮೇಲೆ ಮೊಕದ್ದಮೆ ನಡೆಸಬೇಕೆಂದಿದ್ದೀರೋ, ಇವರನ್ನು ಹಿಂಸಿಸಬೇಕೆಂದಿದ್ದೀರೋ ಎಂದು ಕೇಳುತ್ತಾರೆ. ಆ ಯುವಕರ ಮಾರ್ಗವನ್ನು ತಾವು ಒಪ್ಪುವುದಿಲ್ಲವೆಂಬುದನ್ನೂ ಮುಚ್ಚಿಡುವುದಿಲ್ಲ. ಮುಂದಿನ ವರ್ಷಗಳ ಇತಿಹಾಸದಿಂದಾಗಿ ಜಿನ್ನಾ ಅವರ ಬಗ್ಗೆ ನಮಗೆಲ್ಲ ಒಂದು ಗಟ್ಟಿಯಾದ ಅಭಿಪ್ರಾಯ ಇದ್ದೇ ಇರುತ್ತದೆ. ಅದನ್ನು ಸ್ವಲ್ಪ ಹೊತ್ತು ಬದಿಗಿಟ್ಟು 1929ರ ಈ ಸದಸ್ಯರನ್ನು ಅವರ ಮಾತಿನಲ್ಲೇ ಕೇಳಿಸಿಕೊಳ್ಳುವುದು ಸಾಧ್ಯವಾದರೆ ಅದಕ್ಕೆ ಕಾರಣ ಈ ಪುಟಗಳೇ. 14ರಂದು ಮೋತಿಲಾಲ್ ನೆಹರೂ ತಂದ ನಿಲುವಳಿ ಸೂಚನೆ ಸರ್ಕಾರದ ಮೇಲಿನ ಖಂಡನೆಯಾಗಿ ಅಂಗೀಕಾರವಾಯಿತು. ಮಸೂದೆ ಆ ಅಧಿವೇಶನದಲ್ಲಿ ಕಾಯ್ದೆಯಾಗಲಿಲ್ಲ. 1930ರ ಮೇ 1ರಂದು ವೈಸರಾಯ್ ಸುಗ್ರೀವಾಜ್ಞೆ ಹೊರಡಿಸಿ ಲಾಹೋರ್ ಮೊಕದ್ದಮೆಯನ್ನು ವಿಶೇಷ ನ್ಯಾಯಮಂಡಳಿಗೆ ಒಪ್ಪಿಸಿದರು ಎಂಬುದು ಮುಂದಿನ ಕಥೆ. ಈ ಸಭೆ ಪೊಳ್ಳು ಎಂದು ತೋರಿಸಲೆಂದೇ ಅಲ್ಲಿ ಬಾಂಬು ಎಸೆದ ಯುವಕರ ಪರವಾಗಿ ಕೆಲವೇ ತಿಂಗಳಲ್ಲಿ ಅದೇ ಸಭೆ ಸರ್ಕಾರವನ್ನು ಖಂಡಿಸಿತು. ಅವರ ಆರೋಪ ಸುಳ್ಳೆಂದೂ ಸಭೆಯ ಶ್ರಮ ವ್ಯರ್ಥವೆಂದೂ ಎರಡನ್ನೂ ಹೇಳಲು ನನಗೆ ಧೈರ್ಯ ಸಾಲದು.

ಇದೇ ಸಂಪುಟದಲ್ಲಿ ಬಾಲ್ಯವಿವಾಹ ತಡೆ ಮಸೂದೆಯ ಕೊನೆಯ ಹಂತದ ಚರ್ಚೆಯೂ ಇದೆ. ಅಜ್ಮೀರ್-ಮೇರವಾಡದ ಸದಸ್ಯ ಹರಬಿಲಾಸ ಸಾರದಾ 1927ರಲ್ಲಿ ಮಂಡಿಸಿದ್ದ ಈ ಖಾಸಗಿ ಮಸೂದೆ, ಸಮಿತಿಗಳನ್ನು ದಾಟಿ, 1929ರ ಸೆಪ್ಟೆಂಬರಿನಲ್ಲಿ ಅಂಗೀಕಾರವಾಗಿ, ಹುಡುಗಿಗೆ 14, ಹುಡುಗನಿಗೆ 18 ಎಂದು ವಿವಾಹದ ಕನಿಷ್ಠ ವಯಸ್ಸನ್ನು ಗೊತ್ತುಪಡಿಸಿತು. 1930ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸುರಕ್ಷಾ ಮಸೂದೆಯಲ್ಲಿ ಒಂದೇ ಸಾಲಿನಲ್ಲಿ ಕೂತಿದ್ದ ಸದಸ್ಯರು ಇಲ್ಲಿ ಬೇರೆ ಬೇರೆಯಾಗುತ್ತಾರೆ. ಮದ್ರಾಸಿನ ಎಂ. ಕೆ. ಆಚಾರ್ಯ ಶಾಸ್ತ್ರದ ಹೆಸರಿನಲ್ಲಿ ಪಟ್ಟು ಹಿಡಿದು ವಿರೋಧಿಸುತ್ತಾರೆ. ಜಿನ್ನಾ ತಮ್ಮ ಸಮುದಾಯದ ಒಂದು ಭಾಗದ ವಿರೋಧವನ್ನು ಬಲ್ಲವರಾಗಿಯೂ ಮಸೂದೆಯ ಪರ ನಿಲ್ಲುತ್ತಾರೆ. ಎಳೆಯ ಹುಡುಗಿಯರ ದೇಹ, ಬಸಿರು, ಸಾವುಗಳ ಬಗ್ಗೆ ಗಂಡಸರು ಮಾತ್ರ ಇರುವ ಸಭೆ ಗಂಟೆಗಟ್ಟಲೆ ವಾದಿಸುತ್ತದೆ. ಈ ಮಸೂದೆಗಾಗಿ ದೇಶದ ಮಹಿಳಾ ಸಂಘಟನೆಗಳು ಮನವಿ ಕಳಿಸಿ, ಸದಸ್ಯರನ್ನು ಕಂಡು ಒತ್ತಾಯಿಸಿ ಬಹಳ ದುಡಿದಿದ್ದವು. ಆದರೆ ಈ ಸಭೆಯೊಳಗೆ ಒಬ್ಬ ಮಹಿಳೆ ಸದಸ್ಯೆಯಾಗಿ ಕೂರಲು ಇನ್ನೂ ಹಲವು ವರ್ಷ ಕಾಯಬೇಕಾಯಿತು. ಈ ಚರ್ಚೆಯ ಮತವಿಭಜನೆ ಪಟ್ಟಿಗಳು ನನ್ನ ಪ್ರತಿಯಲ್ಲಿ ಓದುವಂತಿವೆ, ಅದು ದೊಡ್ಡ ಸಮಾಧಾನ.

ಪ್ರಶ್ನೋತ್ತರದ ಪುಟಗಳನ್ನು ಹಾರಿಸಿಬಿಡಬೇಡಿ ಎಂದಷ್ಟೇ ಹೇಳುತ್ತೇನೆ. ರೈಲಿನ ಮೂರನೆಯ ದರ್ಜೆಯ ಪ್ರಯಾಣಿಕರ ಪಾಡು, ಅಂಚೆ ನೌಕರರ ಸಂಬಳ, ಸರ್ಕಾರಿ ಹುದ್ದೆಗಳಲ್ಲಿ ಭಾರತೀಯರಿಗೆ ಸಿಕ್ಕ ಪಾಲು ಹೀಗೆ ಸಾಮಾನ್ಯರ ಬದುಕು ಸಭೆಯೊಳಗೆ ಬರುವುದು ಆ ಬಾಗಿಲಿನಿಂದಲೇ. ಬಿಹಾರದ ಗಯಾ ಪ್ರಸಾದ್ ಸಿಂಗ್ ಅವರಂಥ ಸದಸ್ಯರ ಹೆಸರು ಅಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಕನ್ನಡ ಓದುಗರಿಗೆ ಒಂದು ಮಾತು ಸ್ಪಷ್ಟಪಡಿಸಬೇಕು. ಇದು ಬ್ರಿಟಿಷ್ ಭಾರತದ ಸಭೆ. ಮೈಸೂರು ಸಂಸ್ಥಾನದ ಪ್ರತಿನಿಧಿಗಳು ಇಲ್ಲಿರಲಿಲ್ಲ, ಅರಸರೊಂದಿಗಿನ ಸರ್ಕಾರದ ಸಂಬಂಧವನ್ನು ಮುಟ್ಟುವ ಪ್ರಶ್ನೆ ಕೇಳುವುದಕ್ಕೂ ನಿಯಮ ಅಡ್ಡಬರುತ್ತಿತ್ತು. ಮೈಸೂರಿನವರಿಗೆ 1881ರಿಂದಲೇ ತಮ್ಮದೇ ಪ್ರಜಾಪ್ರತಿನಿಧಿ ಸಭೆ ಇತ್ತು, ಅದರ ನಡಾವಳಿ ಬೇರೆ. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡಗಳು ಬೊಂಬಾಯಿ ದಕ್ಷಿಣ ವಿಭಾಗದ ಕ್ಷೇತ್ರದ ಮೂಲಕ ಇಲ್ಲಿ ದನಿ ಪಡೆದಿದ್ದವು. ಈ ಅವಧಿಯಲ್ಲಿ ಅಲ್ಲಿಂದ ಬಂದ ಸದಸ್ಯರಲ್ಲಿ ಬೆಳಗಾವಿಯ ವಕೀಲ ದತ್ತೋಪಂತ ಬೆಳವಿಯವರು ಒಬ್ಬರು. ಮುಂದೆ 1934ರ ಚುನಾವಣೆಯ ನಂತರ ಎಸ್. ಕೆ. ಹೊಸಮನಿಯವರ ಹೆಸರು ಅದೇ ಕ್ಷೇತ್ರದ ಒಕ್ಕಣೆಯೊಂದಿಗೆ ಕಾಣಿಸುತ್ತದೆ. ಇಂಗ್ಲಿಷ್ ಅಕ್ಷರಕ್ರಮದಲ್ಲಿ ಆಚಾರ್ಯ, ಆಣೆ, ಬೆಳವಿ ಇಂಥ ಹೆಸರುಗಳು ಎಡಗಡೆಯ ಕಾಲಮ್ಮಿನ ತಲೆಯಲ್ಲೇ ಬರುವುದರಿಂದ, ಮಡಿಕೆಯೊಳಗೆ ಮೊದಲು ನುಂಗಿಹೋಗುವವರೂ ಇವರೇ. ನಮ್ಮ ಕಡೆಯ ಒಬ್ಬರು ಯಾವ ಮಸೂದೆಗೆ ಯಾವ ಕಡೆ ನಿಂತರೆಂದು ಹುಡುಕುವ ಧಾರವಾಡದ ಅಥವಾ ಬೆಳಗಾವಿಯ ಸಂಶೋಧಕರಿಗೆ ಇದಕ್ಕಿಂತ ನೋವಿನ ದೋಷ ಬೇರೆ ಇರಲಾರದು.

ದೆಹಲಿ ಸಂಪುಟದ ದೋಷಗಳನ್ನು ಪುಟಸಂಖ್ಯೆ ಸಹಿತ ಬರೆದು ಮುದ್ರಕರಿಗೆ ಕಳಿಸಿದೆ. ಉತ್ತರ ಸೌಜನ್ಯದಿಂದಲೇ ಬಂತು. ಖಾಲಿ ಬಿದ್ದಿದ್ದ ಎರಡು ಪುಟಗಳನ್ನು ಬಿಡಿ ಹಾಳೆಗಳಾಗಿ ಮುದ್ರಿಸಿ ಕೊರಿಯರಿನಲ್ಲಿ ಕಳಿಸಿದರು, ಖರ್ಚು ಕೇಳಲಿಲ್ಲ. ಆದರೆ ಪಟ್ಟಿಯ ಪುಟಗಳ ಬಗ್ಗೆ, ತಮ್ಮ ಬಳಿ ಇರುವ ಸ್ಕ್ಯಾನ್ ಅದೊಂದೇ, ಮೂಲ ಪ್ರತಿ ಈಗ ಕೈಯಲ್ಲಿಲ್ಲ ಎಂದರು. ಹಾಗಿದ್ದರೆ ಮಾರುವ ಮುನ್ನವೇ ಇದನ್ನು ತಿಳಿಸುವುದು ಅವರ ಕರ್ತವ್ಯವಾಗಿತ್ತು. ಓದುಗ ಹಣ ಕೊಟ್ಟದ್ದು ಅಧಿಕೃತ ದಾಖಲೆಯ ಪೂರ್ಣ ಪ್ರತಿಗೆ.

ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಸ್ವಾತಂತ್ರ್ಯಪೂರ್ವದ ಈ ಚರ್ಚೆಗಳು ಉಚಿತವಾಗಿಯೇ ಓದಲು ಸಿಗುತ್ತವೆ, ದಿನಾಂಕ ಹಿಡಿದು ಹುಡುಕುವವರಿಗೆ ಅದು ದೊಡ್ಡ ಉಪಕಾರ. ಒಂದು ದಿನದ ಚರ್ಚೆ ಸಾಕೆನ್ನುವವರು ಪುಸ್ತಕ ಕೊಳ್ಳಬೇಕಾಗಿಲ್ಲ. ನಾನು ಕೊಂಡದ್ದು ಅಧಿವೇಶನವನ್ನು ಕ್ರಮವಾಗಿ, ಕೈಯಲ್ಲಿ ಪೆನ್ಸಿಲ್ ಹಿಡಿದು, ಹಿಂದಿನ ಪುಟಕ್ಕೂ ಮುಂದಿನ ಪುಟಕ್ಕೂ ಹೋಗಿಬಂದು ಓದುವುದಕ್ಕಾಗಿ. ಪರದೆಯ ಮೇಲೆ ನನಗೆ ಆ ಓದು ಒಗ್ಗುವುದಿಲ್ಲ. ಪೂರ್ತಿ ಇಂಗ್ಲಿಷಿನಲ್ಲಿರುವ, ಆ ಕಾಲದ ಶಾಸನಸಭೆಯ ಪರಿಭಾಷೆಯಿಂದ ತುಂಬಿದ ಪುಸ್ತಕಗಳಿವು ಎಂಬುದನ್ನೂ ನೆನಪಿಡಬೇಕು. ಕಾನೂನು ಮತ್ತು ರಾಜ್ಯಶಾಸ್ತ್ರದ ಅಧ್ಯಾಪಕರಿಗೆ, ಕಾಲೇಜು ಗ್ರಂಥಾಲಯಗಳಿಗೆ, ಈಗಿನ ಶಾಸಕರ ಆಪ್ತ ಸಹಾಯಕರಾಗಿ ದುಡಿಯುವ ತರುಣರಿಗೆ ಶಿಮ್ಲಾದ ಸಂಪುಟವನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ದೆಹಲಿಯದನ್ನು ತರಿಸುವವರು ಹಣ ಕಳಿಸುವ ಮೊದಲು ಏಪ್ರಿಲ್ 8ರ ಮತವಿಭಜನೆಯ ಪುಟದ ಫೋಟೊ ಕೇಳಿ. ಎಡಗಡೆಯ ಕಾಲಮ್ಮಿನ ಮೊದಲ ಹೆಸರು ಪೂರ್ತಿ ಓದಲು ಬಂದರೆ ಆ ಪ್ರತಿಯನ್ನು ಧಾರಾಳವಾಗಿ ಕೊಳ್ಳಬಹುದು, ಬಾರದಿದ್ದರೆ ಬೇರೆ ಮುದ್ರಕರನ್ನು ವಿಚಾರಿಸಿ. ನಾನು ಮುಂದೆ ತರಿಸಬೇಕೆಂದಿರುವುದು 1928ರ ಫೆಬ್ರುವರಿಯ ಸಂಪುಟವನ್ನು, ಲಾಲಾ ಲಜಪತ ರಾಯರು ಸೈಮನ್ ಆಯೋಗದ ವಿರುದ್ಧ ತಂದ ನಿರ್ಣಯ 68ಕ್ಕೆ 62 ಮತಗಳಿಂದ ಗೆದ್ದದ್ದು ಅದರಲ್ಲಿದೆ. ಈ ಬಾರಿ ಆ 130 ಹೆಸರುಗಳ ಪುಟವನ್ನು ಮೊದಲು ನೋಡಿ, ಆಮೇಲೆ ಹಣ ಕಟ್ಟುತ್ತೇನೆ.